ಕೆಟ್ಟ ಸುದ್ದಿ ಹೇಳಿದ ಮೇಲೆ

ಕ್ಯಾನ್ಸರ್ ವೈದ್ಯರ ಸಂವಹನ ಕಮ್ಮಟಗಳಲ್ಲಿ ‘ಸ್ಪೈಕ್ಸ್’ ಎಂಬ ಹೆಸರಿಗೆ ಈಗ ಮಂತ್ರದ ಮರ್ಯಾದೆ ಇದೆ. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಸಂಸ್ಥೆಯ ವಾಲ್ಟರ್ ಬೈಲ್, ಟೊರಾಂಟೊದ ರಾಬರ್ಟ್ ಬಕ್‌ಮನ್ ಮತ್ತು ಸಂಗಡಿಗರು 2000ದಲ್ಲಿ ‘ದಿ ಆಂಕಾಲಜಿಸ್ಟ್’ ಪತ್ರಿಕೆಯಲ್ಲಿ, ರೋಗಿಗೆ ಕೆಟ್ಟ ಸುದ್ದಿ ಹೇಳಲೆಂದು ಮುಂದಿಟ್ಟ ಆರು ಹೆಜ್ಜೆಗಳಿವು. ರೋಗಿಯನ್ನು ಏಕಾಂತದಲ್ಲಿ ಕೂರಿಸಿ ಮಾತಾಡಿ, ಅವರಿಗೆ ಈಗಾಗಲೇ ಏನು ಗೊತ್ತಿದೆ ಕೇಳಿ, ಇನ್ನೆಷ್ಟು ತಿಳಿಯುವ ಇಷ್ಟವಿದೆ ವಿಚಾರಿಸಿ, ವಿಷಯ ತಿಳಿಸಿ, ದುಃಖಕ್ಕೆ ಜೊತೆಯಾಗಿ, ಮುಂದಿನ ಚಿಕಿತ್ಸೆಯ ದಾರಿ ಹೇಳಿ. ಸಭ್ಯವಾಗಿದೆ, ಕಲಿಸಲು ಸುಲಭ, ಪರೀಕ್ಷೆಯಲ್ಲಿ ಅಂಕ ಹಾಕಲು ಇನ್ನೂ ಸುಲಭ. ಅದರ ಖ್ಯಾತಿಗೆ ಈ ಕೊನೆಯ ಗುಣವೇ ಮುಖ್ಯ ಕಾರಣವೆಂದು ನನ್ನ ಗುಮಾನಿ.

ಅದೇ 2000ದಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್‌’ನಲ್ಲಿ ನೆದರ್‌ಲೆಂಡ್ಸಿನ ಆನ್ನೆ-ಮೇ ತೇ ಮತ್ತು ಸಂಗಡಿಗರ ಅಧ್ಯಯನವೊಂದು ಬಂತು. ಅದನ್ನು ಕಮ್ಮಟಗಳಲ್ಲಿ ಯಾರೂ ಎತ್ತುವುದಿಲ್ಲ. ಶ್ವಾಸಕೋಶದ ಕ್ಯಾನ್ಸರುಗಳಲ್ಲೇ ಬಲು ಬೇಗ ಹರಡುವ ಬಗೆಯ ಕ್ಯಾನ್ಸರ್ ಬಂದ 35 ರೋಗಿಗಳ ಬೆನ್ನಿಗಿದ್ದು, ವೈದ್ಯರ ಕೋಣೆಯಲ್ಲಿ ನಡೆದ ಮಾತುಗಳನ್ನು ಕೂತು ಕೇಳಿ ಬರೆದದ್ದು ಅದು. ಅಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ರೋಗದ ಹೆಸರನ್ನೂ ಮುಚ್ಚಿಡಲಿಲ್ಲ. ಆದರೂ ಮೊದಲ ಸುತ್ತಿನ ಕೀಮೋ ನಡೆಯುತ್ತಿದ್ದ ಹಾಗೆ ರೋಗಿಗಳು ತಾವು ವಾಸಿಯಾಗುತ್ತೇವೆಂದು ನಂಬತೊಡಗಿದರು. ಎಕ್ಸ್-ರೇಯಲ್ಲಿ ಗಡ್ಡೆ ಕಾಣದಾದಾಗ ಆ ನಂಬಿಕೆ ತುತ್ತತುದಿಗೆ ಹೋಯಿತು. ಗಡ್ಡೆ ಮತ್ತೆ ಮೂಡಿದಾಗ ಕುಸಿಯಿತು. ಎರಡನೆಯ ಸುತ್ತಿನಲ್ಲಿ ಒಂದಿಷ್ಟು ಸೊರಗಿಯೇ ಆದರೂ ಮತ್ತೆ ಚಿಗುರಿತು.

ಇದು ಹೇಗಾಯಿತು ಎನ್ನುವುದರ ವಿವರವೇ ಈ ಅಧ್ಯಯನದ ಜೀವ. ಮೊದಲ ಭೇಟಿಯಲ್ಲಿ ವೈದ್ಯರು ಕೆಟ್ಟ ಸುದ್ದಿ ಹೇಳುತ್ತಾರೆ. ಆದರೆ ಅದರ ಬೆನ್ನಿಗೇ ಮಾತು ಚಿಕಿತ್ಸೆಯ ಕ್ಯಾಲೆಂಡರಿಗೆ ಜಾರುತ್ತದೆ: ಯಾವ ದಿನ ಕೀಮೋ, ಯಾವಾಗ ರಕ್ತಪರೀಕ್ಷೆ, ಮುಂದಿನ ಎಕ್ಸ್-ರೇ ಎಂದು. ಆ ಕ್ಯಾಲೆಂಡರಿನಲ್ಲಿ ಇಬ್ಬರಿಗೂ ಮಾಡಲು ಕೆಲಸವಿದೆ, ಆದ್ದರಿಂದ ಇಬ್ಬರಿಗೂ ನಿರಾಳ. ಸಾವಿನ ಮಾತನ್ನು ವೈದ್ಯರಿಗೆ ಹೇಳಲೂ ಬೇಕು, ಹೇಳಲೂ ಬೇಡ. ರೋಗಿಗೆ ಕೇಳಲೂ ಬೇಕು, ಕೇಳಲೂ ಬೇಡ. ಇಲ್ಲಿ ಮೋಸ ಮಾಡಿದವರಿಲ್ಲ, ಆದರೆ ಇಬ್ಬರೂ ಸೇರಿ ಕಟ್ಟಿದ ಒಂದು ಮೌನವಿದೆ. ನಮ್ಮ ಯಾವ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತರೂ ಇದು ಕಾಣುತ್ತದೆ. ಫೈಲು ತಿರುವಿ ಹಾಕುತ್ತ, “ಕೌಂಟ್ ಚೆನ್ನಾಗಿದೆ, ಸೋಮವಾರ ನಾಲ್ಕನೇ ಸೈಕಲ್ಲಿಗೆ ಬನ್ನಿ” ಎನ್ನುತ್ತಾರೆ ಡಾಕ್ಟರು. ಅಷ್ಟೂ ನಿಜ. ಮನೆಗೆ ಹೋಗುವ ದಾರಿಯಲ್ಲಿ ಅದು “ಗುಣ ಆಗ್ತಾ ಇದೆಯಂತೆ” ಎಂದಾಗಿರುತ್ತದೆ.

ಈಗ ಸ್ಪೈಕ್ಸಿನ ಲೇಖನ ತೆಗೆದು ನೋಡಿ. ಈ ಸಂಗತಿ ಅದರ ಲೇಖಕರಿಗೆ ಗೊತ್ತಿತ್ತು. ಚಿಕಿತ್ಸೆಯ ಫಲವನ್ನು ರೋಗಿಗಳು ಅತಿಯಾಗಿ ಎಣಿಸುತ್ತಾರೆ, ಉದ್ದೇಶವನ್ನೇ ತಪ್ಪಾಗಿ ತಿಳಿಯುತ್ತಾರೆ, ಆದ್ದರಿಂದ ಅರ್ಥವಾಯಿತೇ ಎಂದು ಕೇಳಿ ನೋಡಬೇಕು ಎಂದು ಆರನೆಯ ಹೆಜ್ಜೆಯಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಇಡೀ ಸಮಸ್ಯೆಯ ಬೇರು ಇರುವಲ್ಲಿ ಒಂದು ಬುದ್ಧಿಮಾತು! ಕಾಗದದ ಕರವಸ್ತ್ರ ಕೈಗೆಟುಕುವಂತೆ ಇಟ್ಟುಕೊಳ್ಳಿ ಎಂಬ ಸಲಹೆಗೂ ಅಲ್ಲಿ ಜಾಗವಿದೆ. ಕಮ್ಮಟಗಳ ಯಶಸ್ಸೆಂದು ಆ ಲೇಖನ ತೋರಿಸುವುದಾದರೂ ಏನನ್ನು? ತರಬೇತಿ ಪಡೆದ ವೈದ್ಯರ ಆತ್ಮವಿಶ್ವಾಸ ಹೆಚ್ಚಿತು ಎಂಬುದನ್ನು. ರೋಗಿಗೆ ಏನು ತಿಳಿಯಿತು ಎಂಬುದು ಆ ಲೆಕ್ಕದಲ್ಲಿಲ್ಲ.

ಇದಕ್ಕೆ 2012ರಲ್ಲಿ ಕಟುವಾದ ಉತ್ತರ ಸಿಕ್ಕಿತು. ಜೇನ್ ವೀಕ್ಸ್ ಮತ್ತು ಸಂಗಡಿಗರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌’ನಲ್ಲಿ, ಕೀಮೋ ಪಡೆದ ಕೊನೆಯ ಹಂತದ 1,193 ಅಮೆರಿಕನ್ ರೋಗಿಗಳ ತಿಳಿವಳಿಕೆಯನ್ನು ವರದಿ ಮಾಡಿದರು. ಈ ಚಿಕಿತ್ಸೆಯಿಂದ ಕಾಯಿಲೆ ವಾಸಿಯಾಗುವ ಸಂಭವವಿಲ್ಲ ಎಂಬುದು ಶ್ವಾಸಕೋಶದ ಕ್ಯಾನ್ಸರಿನವರಲ್ಲಿ ಶೇ 69, ದೊಡ್ಡ ಕರುಳಿನ ಕ್ಯಾನ್ಸರಿನವರಲ್ಲಿ ಶೇ 81 ಮಂದಿಗೆ ಮನದಟ್ಟಾಗಿರಲಿಲ್ಲ. ಇನ್ನೂ ಕಸಿವಿಸಿಯ ಸಂಗತಿಯೆಂದರೆ, ತಮ್ಮ ವೈದ್ಯರು ಬಹಳ ಚೆನ್ನಾಗಿ ಮಾತಾಡುತ್ತಾರೆಂದು ಅಂಕ ಕೊಟ್ಟವರಲ್ಲೇ ಈ ತಪ್ಪು ನಂಬಿಕೆ ಹೆಚ್ಚಾಗಿತ್ತು.

ಇಲ್ಲಿಗೆ ನಮ್ಮ ಕೆಲವು ಲೇಖಕ ಮಿತ್ರರು ಕೈ ಎತ್ತುತ್ತಾರೆ: ಅವೆಲ್ಲ ಪಶ್ಚಿಮದ ಗೋಳು, ನಮ್ಮಲ್ಲಿ ಕಾಯಿಲೆ ಒಬ್ಬರದ್ದಲ್ಲ, ಮನೆಯದು, ಹೇಳದಿರುವುದೇ ನಮ್ಮ ಕರುಣೆ. ಈ ವಾದ ಕೇಳಲು ಹಿತ, ಚರಿತ್ರೆಯ ಎದುರು ಮಾತ್ರ ನಿಲ್ಲುವುದಿಲ್ಲ. 1961ರಲ್ಲಿ ಡೊನಾಲ್ಡ್ ಓಕನ್ ಷಿಕಾಗೋದ ವೈದ್ಯರನ್ನು ಕೇಳಿದಾಗ ಶೇ 90ರಷ್ಟು ಮಂದಿ ರೋಗಿಗೆ ಕ್ಯಾನ್ಸರ್ ಎಂದು ಹೇಳದಿರುವುದೇ ಲೇಸು ಎಂದಿದ್ದರು. 1979ರಲ್ಲಿ ಅಮೆರಿಕದ ಇನ್ನೊಂದು ಸಮೀಕ್ಷೆಯಲ್ಲಿ ಶೇ 97 ಮಂದಿ ಹೇಳುತ್ತೇವೆ ಎಂದರು. ಹದಿನೆಂಟು ವರ್ಷದಲ್ಲಿ ತಲೆಕೆಳಗಾಗುವಂಥದ್ದನ್ನು ಸಂಸ್ಕೃತಿ ಎಂದು ಪೂಜಿಸುವುದು ಹೇಗೆ? “ಪೇಷೆಂಟ್ ಕಡೆಯವರು ಯಾರು, ಒಳಗೆ ಬನ್ನಿ” ಎಂದು ನರ್ಸ್ ಕರೆದಾಗ ಮಗ ಎದ್ದು ಹೋಗುತ್ತಾನೆ, ಅಪ್ಪ ಬೆಂಚಿನ ಮೇಲೇ ಉಳಿಯುತ್ತಾರೆ. “ಅಪ್ಪಂಗೆ ಹೇಳ್ಬೇಡಿ ಸಾರ್, ತಡ್ಕೊಳಲ್ಲ” ಎಂಬ ಮಗನ ಮಾತಿನಲ್ಲಿ ಪ್ರೀತಿ ಇದೆ, ಒಪ್ಪುತ್ತೇನೆ. ಆದರೆ ಒಬ್ಬ ರೋಗಿಗೆ ಕೆಲವೇ ನಿಮಿಷ ಸಿಗುವ ಜಾಗದಲ್ಲಿ ಆ ಮಾತಿನಿಂದ ವೈದ್ಯರಿಗೂ ಕೆಲಸ ಹಗುರ. ಜಮೀನಿನ ಪತ್ರ, ಮಗಳ ಮದುವೆ, ಇನ್ನೊಂದು ಸುತ್ತು ಕೀಮೋಗೆ ಸಾಲ ಮಾಡುವುದೋ ಬೇಡವೋ ಎಂಬ ತೀರ್ಮಾನ, ಇವೆಲ್ಲ ಆ ಅಪ್ಪನವು. ಅವುಗಳನ್ನು ಅವರ ಕೈಯಿಂದ ಕಿತ್ತುಕೊಂಡು ಕರುಣೆ ಎಂದು ಕರೆಯುವುದು ನನಗೆ ಒಗ್ಗುವುದಿಲ್ಲ.

ಸ್ಪೈಕ್ಸಿಗೂ ಒಂದು ಮಾತು ಸಲ್ಲಬೇಕು: ವಾರ್ಡಿನ ನಡುವೆ ಎಲ್ಲರೆದುರು ರೋಗದ ಹೆಸರು ಕೂಗುವ ಪದ್ಧತಿಗಿಂತ ಅದು ಎಷ್ಟೋ ಮೇಲು.

ಭಾರತದಲ್ಲಿ 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ‘ಎಟ್‌ಕಾಂ’ ಹೆಸರಿನಲ್ಲಿ ಸಂವಹನವೂ ಪಾಠವಾಗಿದೆ. ಅದನ್ನು ಕಲಿಸುವ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ಸುದ್ದಿ ಹೇಳುವ ಮೊದಲ ದಿನದ ಅಭಿನಯಕ್ಕೇ ಅಂಕವೆಲ್ಲ ಮುಗಿಸಬೇಡಿ. ಮೂರನೆಯ ಸೈಕಲ್ ಮುಗಿದಿದೆ, ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿದೆ, ರೋಗಿ ನಗುತ್ತ “ಇನ್ನು ವಾಸಿ ಆದಂಗೇ ಅಲ್ವಾ ಡಾಕ್ಟ್ರೇ?” ಎಂದು ಕೇಳುತ್ತಿದ್ದಾರೆ. ವಿದ್ಯಾರ್ಥಿ ಆಗ ಏನು ಹೇಳುತ್ತಾನೆ, ಹೇಳಿದ್ದರಲ್ಲಿ ರೋಗಿಗೆ ಏನು ತಿಳಿಯಿತು ಎಂದು ಅವರ ಬಾಯಿಂದಲೇ ಕೇಳಿ ತಿಳಿದುಕೊಳ್ಳುತ್ತಾನೋ ಇಲ್ಲವೋ, ಅದಕ್ಕೆ ಅಂಕ ಕೊಡಿ.