ಐದು ಆಜ್ಞೆಗಳ ಮುಕ್ತತೆ

ಆಂಡ್ರಾಯ್ಡ್ ಮುಕ್ತ, ಐಫೋನ್ ಬದ್ಧ ಎಂಬ ನಿರ್ಣಯವು ನಮ್ಮ ತಂತ್ರಜ್ಞಾನ ಲೇಖಕರಲ್ಲಿ ಮರುವಿಚಾರಣೆಗೆ ಒಳಗಾಗದ ಸಿದ್ಧಾಂತವಾಗಿ ಪರಿಣಮಿಸಿದೆ. ಅದರ ಉತ್ತರಾರ್ಧದ ವಿಷಯದಲ್ಲಿ ನನಗೆ ತಕರಾರಿಲ್ಲ. ಆಪಲ್ ಸಂಸ್ಥೆಯು ತನ್ನ ಬಾಗಿಲಿಗೆ ಬೀಗವುಂಟೆಂಬುದನ್ನು ಎಂದೂ ಬಚ್ಚಿಟ್ಟಿಲ್ಲ. ಪೂರ್ವಾರ್ಧವಾದರೋ, ಸಲ್ಲದ ಗುಣಕ್ಕಾಗಿ ಹೊಗಳಿಸಿಕೊಂಡು, ಸಲ್ಲತಕ್ಕ ಗುಣಕ್ಕಾಗಿ ಹೊಗಳಿಕೆಯನ್ನು ಪಡೆಯದೆ ಉಳಿದ ಕೀರ್ತಿಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಕೀರ್ತಿಯ ಸೂತ್ರವಾಕ್ಯವು 2010ರ ಅಕ್ಟೋಬರಿನಲ್ಲಿ ಹುಟ್ಟಿತು. ಮುಕ್ತವೇ ಬದ್ಧವೇ ಎಂಬ ಪ್ರಶ್ನೆ ಕಣ್ಣಿಗೆ ಮಣ್ಣೆರಚುವಂಥದು, ಚೂರುಚೂರಾದ ವ್ಯವಸ್ಥೆ ಬೇಕೋ ಅಖಂಡವಾದುದು ಬೇಕೋ ಎಂಬುದೇ ನಿಜವಾದ ಪ್ರಶ್ನೆ ಎಂದು ಸ್ಟೀವ್ ಜಾಬ್ಸ್ ವಾದಿಸಿದಾಗ, ಆಂಡ್ರಾಯ್ಡಿನ ಜನಕರಲ್ಲೊಬ್ಬರಾದ ಆಂಡಿ ರೂಬಿನ್ ಅವರು ಮುಕ್ತತೆಯ ಲಕ್ಷಣವಿದು ಎಂದು ಟ್ವಿಟರಿನಲ್ಲಿ ಐದು ಆಜ್ಞೆಗಳನ್ನು ಬರೆದರು. ಆಂಡ್ರಾಯ್ಡ್ ಎಂಬ ಫೋಲ್ಡರನ್ನು ಮಾಡುವುದು, ಅದರೊಳಕ್ಕೆ ಹೋಗುವುದು, ಭಂಡಾರದ ವಿಳಾಸವನ್ನು ಗೊತ್ತುಪಡಿಸುವುದು, ಅಲ್ಲಿರುವ ಸೋರ್ಸ್ ಕೋಡನ್ನೆಲ್ಲ ಇಳಿಸಿಕೊಳ್ಳುವುದು, ಕಟ್ಟುವುದು: ಇಷ್ಟೇ ಆ ಲಕ್ಷಣ.

ಈ ಸಾಲಿನ ಬಿಗುವನ್ನು ನಾನು ಅಲ್ಲಗಳೆಯಲಾರೆ. ಆಜ್ಞಾಪಿಸುವವರು ಯಾರಾದರೂ ಆಗಬಹುದು, ಎಲ್ಲಿಯೂ ಯಾರ ಅಪ್ಪಣೆಯನ್ನೂ ಬೇಡಬೇಕಿಲ್ಲ. ಆದರೆ ಈ ಸಾಲು ಎಲ್ಲಿ ನಿಲ್ಲುತ್ತದೆಂಬುದನ್ನು ನೋಡಬೇಕು. ಐದನೆಯ ಆಜ್ಞೆ ಮುಗಿದಾಗ ದೊರಕುವುದು ಕಂಪ್ಯೂಟರಿನ ಡಿಸ್ಕಿನಲ್ಲಿರುವ ಕೆಲವು ಕಡತಗಳೇ ಹೊರತು ಕೈಯಲ್ಲಿ ಹಿಡಿಯತಕ್ಕ ಫೋನಲ್ಲ. ಅವನ್ನು ಫೋನಿಗೆ ಇಳಿಸಬೇಕಾದ ಆರನೆಯ ಆಜ್ಞೆಯನ್ನು ರೂಬಿನ್ ಬರೆಯಲಿಲ್ಲ. ಅಪ್ಪಣೆಯ ಪ್ರಶ್ನೆ ಏಳುವುದೇ ಅಲ್ಲಿ. ಫೋನು ಎಚ್ಚರಗೊಳ್ಳುವಾಗ ಮೊದಲು ಓಡುವ ಬೂಟ್‌ಲೋಡರ್, ತಯಾರಕರ ಸಹಿಯಿಲ್ಲದ ವ್ಯವಸ್ಥೆಯನ್ನು ಅನೇಕ ಫೋನುಗಳಲ್ಲಿ ಒಳಕ್ಕೆ ಬಿಡುವುದಿಲ್ಲ. ಬಿಟ್ಟಿತೆಂದೇ ಇಟ್ಟುಕೊಂಡರೂ, ಕ್ಯಾಮೆರಾ ಮೋಡೆಮ್‌ಗಳನ್ನು ನಡೆಸುವ ಡ್ರೈವರುಗಳಲ್ಲಿ ಬಹುಭಾಗ ಆ ಭಂಡಾರದಲ್ಲಿಲ್ಲ. ಅವು ಚಿಪ್ ತಯಾರಕರ ಗುಟ್ಟು. ಅವೂ ದೊರೆತುವೆನ್ನೋಣ, ಪ್ಲೇ ಸ್ಟೋರ್ ಆ ಕೋಡಿನ ಮುಕ್ತ ಪರವಾನಗಿಗೆ ಒಳಪಟ್ಟುದಲ್ಲ. ಈ ಸಾಲು ಹುಟ್ಟುವುದಕ್ಕೆ ಒಂದು ವರ್ಷ ಮುಂಚೆಯೇ, 2009ರಲ್ಲಿ, ಸೈನೋಜೆನ್ ಎಂಬ ಹೆಸರಿನಲ್ಲಿ ಪರಿಷ್ಕೃತ ಆಂಡ್ರಾಯ್ಡನ್ನು ಹಂಚುತ್ತಿದ್ದವರಿಗೆ ಗೂಗಲ್ ತನ್ನ ಆ್ಯಪ್‌ಗಳನ್ನು ಸೇರಿಸಕೂಡದೆಂದು ಕಾನೂನಿನ ಪತ್ರವನ್ನು ಕಳುಹಿಸಿತ್ತು. ಸಾಲು ಹುಟ್ಟಿದ ಮರುವರ್ಷ, 2011ರಲ್ಲಿ, ಟ್ಯಾಬ್ಲೆಟ್ಟುಗಳಿಗೆಂದು ಬಂದ ಹನಿಕೋಂಬ್ ಆವೃತ್ತಿಯ ಕೋಡನ್ನು ಅದು ತಡೆಹಿಡಿದಾಗ, ನಾಲ್ಕನೆಯ ಆಜ್ಞೆಗೆ ಇಳಿಸಿಕೊಳ್ಳಲು ಹನಿಕೋಂಬೇ ಇರಲಿಲ್ಲ.

ತಯಾರಕರ ಪಾಡೂ ಇದಕ್ಕಿಂತ ಭಿನ್ನವಲ್ಲ. 2012ರಲ್ಲಿ ಅಲಿಬಾಬಾದ ಅಲಿಯೂನ್ ವ್ಯವಸ್ಥೆಯ ಫೋನನ್ನು ಬಿಡುಗಡೆ ಮಾಡಹೊರಟ ಏಸರ್ ಸಂಸ್ಥೆ, ಗೂಗಲ್ಲಿನ ಒತ್ತಡದಿಂದ ಅದನ್ನು ಕೈಬಿಟ್ಟಿತು. ಯುರೋಪಿಯನ್ ಆಯೋಗವು 2018ರಲ್ಲಿ ವಿಧಿಸಿದ 434 ಕೋಟಿ ಯೂರೋಗಳ ದಂಡಕ್ಕೆ ಇಂಥ ಕಟ್ಟುಪಾಡುಗಳೂ ಒಂದು ಕಾರಣ. 2019ರಲ್ಲಿ ಅಮೆರಿಕದ ನಿರ್ಬಂಧಕ್ಕೊಳಗಾದ ಹುವಾವೇಗೆ ಸೋರ್ಸ್ ಕೋಡ್ ಪೂರ್ತಿ ಉಳಿದಿತ್ತು. ಗೂಗಲ್ ಸೇವೆಗಳು ತಪ್ಪಿದುವು, ಚೀನದ ಹೊರಗೆ ಅದರ ಫೋನ್ ವ್ಯಾಪಾರ ಕುಸಿಯಿತು.

ಇಷ್ಟನ್ನು ಕೇಳಿ ಹಿಗ್ಗುವ ವಿಮರ್ಶಕರ ಪಕ್ಷವೊಂದುಂಟು. ಸಾಮಾನ್ಯನಿಗೆ ಕೋಡಿನ ಗೊಡವೆಯಿಲ್ಲ, ಅವನಿಗೆ ಬೇಕಾದುದು ಭದ್ರತೆ ಮತ್ತು ಅಂದ, ಆದುದರಿಂದ ಮುಕ್ತತೆಯೆಂಬುದೇ ಪಂಡಿತರ ಗೀಳು ಎಂದು ಇವರು ತೀರ್ಪು ಕೊಡುತ್ತಾರೆ. ಇವರೊಡನೆ ನನ್ನ ಜಗಳ ಇನ್ನೂ ದೊಡ್ಡದು. ಕನ್ನಡಿಗರ ಅನುಭವವೇ ಇವರಿಗೆ ಉತ್ತರ. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸದಲ್ಲಿ ಕೆ, ಎಫ್, ಎಕ್ಸ್ ಎಂಬ ಮೂರು ಕೀಲಿಗಳನ್ನು ಒತ್ತಿದರೆ 'ಕ್ಷ' ಮೂಡುತ್ತದೆ. ಎಫ್ ಕೀಲಿಯು ಕಕಾರದ ಸ್ವರವನ್ನು ಕಳೆದು ಷಕಾರವನ್ನು ಒತ್ತಾಗಿಸುತ್ತದೆ. ಈ ವಿನ್ಯಾಸವನ್ನು ಬಳಸುವ 'ನುಡಿ' ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಇದೇ ಕೀಲಿಮಣೆ ಫೋನಿನಲ್ಲಿಯೂ ಬೇಕಾಗಿತ್ತು. ಹೊರಗಿನವರು ಮಾಡಿದ ಕೀಲಿಮಣೆಗೆ ಆಂಡ್ರಾಯ್ಡ್ 2009ರಲ್ಲಿಯೇ ಎಡೆಗೊಟ್ಟಿತು; ಐಫೋನ್ ಎಡೆಗೊಟ್ಟುದು 2014ರಲ್ಲಿ, ಐಓಎಸ್ 8ರೊಡನೆ. ಆ ಐದು ವರ್ಷಗಳ ಅಂತರದಲ್ಲಿ ಕನ್ನಡದ ಕೀಲಿಮಣೆಯನ್ನು ಮಾಡಬಯಸಿದವರಿಗೆ ಆಂಡ್ರಾಯ್ಡಿನ ಸೋರ್ಸ್ ಕೋಡಿನ ಒಂದು ಸಾಲೂ ಬೇಕಾಗಿರಲಿಲ್ಲ. ಬೇಕಾದುದು ತಾವು ಮಾಡಿದುದನ್ನು ಇನ್ನೊಬ್ಬರ ಫೋನಿನಲ್ಲಿ ಇರಿಸುವ ಹಕ್ಕು. ಆಂಡ್ರಾಯ್ಡಿನ ನಿಜವಾದ ಹಿರಿಮೆ ಇದು. ಅದರ ಭಕ್ತರು ಇದನ್ನು ಬಿಟ್ಟು ಪರವಾನಗಿಯನ್ನು ಕೊಂಡಾಡಿದರು. ಅದರ ನಿಂದಕರು ಇದನ್ನು ನೋಡಲೇ ಇಲ್ಲ.

ಭದ್ರತೆಯ ವಾದದಲ್ಲಿ ಹುರುಳಿಲ್ಲವೆಂದಲ್ಲ; ಮದುವೆಯ ಕರೆಯೋಲೆಯ ಸೋಗಿನಲ್ಲಿ ವಾಟ್ಸಾಪಿಗೆ ಬರುವ ಎಪಿಕೆ ಎಂಬ ಆ್ಯಪ್ ಕಡತವನ್ನು ತೆರೆದು ಬ್ಯಾಂಕಿನ ಹಣವನ್ನು ಕಳೆದುಕೊಂಡವರು ನಮ್ಮಲ್ಲಿಯೇ ಇದ್ದಾರೆ. ಈ ಬಗೆಯ ವಂಚನೆಯನ್ನು ಮುಂದಿಟ್ಟೇ ಗೂಗಲ್ 2025ರ ಆಗಸ್ಟಿನಲ್ಲಿ ಹೊಸ ನಿಯಮವನ್ನು ಸಾರಿತು: ತಾನು ಪ್ರಮಾಣೀಕರಿಸಿದ ಫೋನುಗಳಲ್ಲಿ, ಪ್ಲೇ ಸ್ಟೋರಿನ ಹೊರಗಿನಿಂದ ಬರುವ ಆ್ಯಪ್ ಕೂಡ ಗುರುತನ್ನು ನೋಂದಾಯಿಸಿದ ಡೆವಲಪರನದೇ ಆಗಿರತಕ್ಕದ್ದು. ಅನುಭವಸ್ಥರಿಗೆ ಬೇರೊಂದು ದಾರಿಯನ್ನು ಉಳಿಸುವೆವೆಂದು ಅನಂತರ ಹೇಳಿದುದುಂಟು. ಆದರೂ, ಹಣದ ಆಸೆಯಿಲ್ಲದೆ ಕನ್ನಡಕ್ಕೊಂದು ಕೀಲಿಮಣೆಯನ್ನು ಮಾಡಿ ಗೆಳೆಯರಿಗೆ ನೇರವಾಗಿ ಹಂಚುವ ಹುಡುಗಿಯೊಬ್ಬಳು ತಾನು ಯಾರೆಂಬುದನ್ನು ಮೊದಲು ಒಂದು ಕಂಪನಿಗೆ ಒಪ್ಪಿಸಬೇಕಾಗುವುದು ಸಣ್ಣ ನಷ್ಟವಲ್ಲ. ಪರವಾನಗಿಯನ್ನೇ ಅಳತೆಗೋಲಾಗಿ ಹಿಡಿದಿರುವ ನಮ್ಮ ವಿಮರ್ಶಕರಿಗೆ ಈ ನಷ್ಟವು ಕಾಣುವುದಿಲ್ಲ, ಏಕೆಂದರೆ ಪರವಾನಗಿಯಲ್ಲಿ ಒಂದಕ್ಷರವೂ ಬದಲಾಗಿಲ್ಲ.