ಜಲಪರೀಕ್ಷಾವರದಿಗಳ ಪ್ರಾಮಾಣ್ಯವಿಚಾರ

ಗಣಿ ಮೊದಲಾದ ಉದ್ಯಮಗಳಿಂದ ಕೆರೆ, ಹಳ್ಳ, ಬಾವಿಗಳ ನೀರಿಗೆ ಒದಗಬಹುದಾದ ದೋಷವನ್ನು ಪರೀಕ್ಷಿಸಿ ಹೇಳುವ ವರದಿಗಳು ಈಗ ಒಂದು ಪ್ರತ್ಯೇಕ ವಾಙ್ಮಯಪ್ರಕಾರವೇ ಆಗಿವೆ. ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಂತೆ, ಸಾರ್ವಜನಿಕ ವಿಚಾರಣೆಗೆ ಒಳಪಡುವ ಯೋಜನೆಯ ವರದಿಯ ಸಾರಾಂಶವು ಆಯಾ ಪ್ರದೇಶದ ಭಾಷೆಯಲ್ಲಿಯೂ ಇರತಕ್ಕದ್ದು. ಆದುದರಿಂದ ಕನ್ನಡ ವಿಮರ್ಶಕರು ಇವನ್ನು ಅನ್ಯಶಾಸ್ತ್ರವಿಷಯವೆಂದು ಉಪೇಕ್ಷಿಸುವುದು ಯುಕ್ತವಲ್ಲ.

ಸುಶ್ರುತನು ಕೆಟ್ಟ ನೀರಿಗೆ ಸ್ಪರ್ಶ, ರೂಪ, ರಸ, ಗಂಧ, ವೀರ್ಯ, ವಿಪಾಕಗಳೆಂಬ ಆರು ಬಗೆಯ ದೋಷಗಳನ್ನು ಹೇಳಿದ್ದಾನೆ. ಮೊದಲಿನ ನಾಲ್ಕು ಇಂದ್ರಿಯಗ್ರಾಹ್ಯಗಳು. ಕಡೆಯ ಎರಡು ಕುಡಿದ ಮೇಲೆ ದೇಹದಲ್ಲಿ ತೋರತಕ್ಕವು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಅದಿರಿನಲ್ಲಿ ಗಂಧಕ, ಕಬ್ಬಿಣಗಳೊಡನೆ ಕೂಡಿಕೊಂಡ ಆರ್ಸೆನಿಕ್ ಎಂಬ ಪಾಷಾಣವಿದೆ. ಗಾಳಿ ನೀರು ತಗಲಿದರೆ ಅದು ಕರಗಿ ಅಂತರ್ಜಲವನ್ನು ಸೇರಬಲ್ಲುದು. ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವೆಡೆ ಅಂತರ್ಜಲದಲ್ಲಿ ಈ ವಿಷವು ಕಂಡುಬಂದೂ ಇದೆ. ನೀರಿನಲ್ಲಿ ಕರಗಿದ ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ವರ್ಷಗಳು ಕಳೆದ ಬಳಿಕ ಕುಡಿದವರ ಚರ್ಮದ ಮೇಲೆ ತೋರುತ್ತದೆ. ಪ್ರತ್ಯಕ್ಷವು ಸೋತ ಇಂಥ ಸ್ಥಳದಲ್ಲಿ ಹಳ್ಳಿಗರಿಗೆ ಶಬ್ದವೊಂದೇ ಪ್ರಮಾಣ.

ಶಬ್ದವು ಪ್ರಮಾಣವಾಗಬೇಕಾದರೆ ನುಡಿಯುವವನು ಆಪ್ತನಾಗಿರಬೇಕು. ವಸ್ತುವನ್ನು ಸಾಕ್ಷಾತ್ತಾಗಿ ಕಂಡು, ಕಂಡಂತೆಯೇ ತಿಳಿಸುವ ಇಚ್ಛೆಯಿಂದ ನುಡಿಯುವವನು ಆಪ್ತನೆಂದೂ, ಈ ಲಕ್ಷಣವು ಋಷಿಗೂ ಮ್ಲೇಚ್ಛನಿಗೂ ಸಮಾನವೆಂದೂ ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯ. ಇಲ್ಲಿಯಾದರೋ ವರದಿ ಬರೆಯುವ ಸಲಹಾಸಂಸ್ಥೆಯನ್ನು ಗೊತ್ತುಮಾಡಿ ಹಣ ಕೊಡುವವನು ಯೋಜನೆಯ ಅರ್ಜಿದಾರನೇ. ಸಂಸ್ಥೆಗೆ ದೊರೆತ ಮಾನ್ಯತಾಪತ್ರವು ಅದರ ಜ್ಞಾನಕ್ಕೆ ಸಾಕ್ಷಿಯಾದೀತು, ನಿಷ್ಪಕ್ಷಪಾತಕ್ಕೆ ಆಗಲಾರದು. ಆದರೂ ಇಷ್ಟರಿಂದಲೇ ವರದಿಯು ಸುಳ್ಳೆಂದು ನಿರ್ಣಯಿಸುವುದು ನ್ಯಾಯವಲ್ಲ, ವಾಕ್ಯವನ್ನೇ ಪರೀಕ್ಷಿಸಬೇಕು.

ಇಂಥ ಸಾರಾಂಶಗಳಿಗೆ ಪ್ರಿಯವಾದ ನುಡಿ "ಮಿತಿಯೊಳಗಿದೆ" ಎಂಬುದು. ಯಾವ ಮಿತಿ? 2012ರ ಭಾರತೀಯ ಮಾನಕವು ಆರ್ಸೆನಿಕ್ಕಿಗೆ ಲೀಟರಿಗೆ 0.01 ಮಿಲಿಗ್ರಾಂ ಎಂದೂ, ಬೇರೆ ಜಲಮೂಲವಿಲ್ಲದೆಡೆ 0.05 ಎಂದೂ ಎರಡು ಅಂಕಗಳನ್ನು ಇಟ್ಟಿತ್ತು. ಐದು ಪಟ್ಟು ಅಂತರವುಳ್ಳ ಎರಡು ಅರ್ಥಗಳಿಗೆ ಎಡೆಗೊಡುವ ಪದವು ನಿರ್ಣಯವಾಕ್ಯದಲ್ಲಿ ಸಲ್ಲದು. ಇನ್ನು ಋತುವಿನ ಮಾತು. ಸುಶ್ರುತನು ಯಾವ ಋತುವಿನಲ್ಲಿ ಯಾವ ನೀರು ಗ್ರಾಹ್ಯವೆಂದು ವಿಂಗಡಿಸಿದ್ದಾನೆ. ಗಣಿಗಳ ವರದಿಗಳಲ್ಲಾದರೋ ಮಳೆಗಾಲವನ್ನು ಬಿಟ್ಟು ಒಂದೇ ಋತುವಿನ ಮಾಪನವು ಸಾಕೆಂಬ ರೂಢಿಯಿದೆ. ಒಂದು ಋತುವನ್ನು ಕಂಡು ಸಂವತ್ಸರವನ್ನು ಊಹಿಸುವ ಹೇತುವು ಸವ್ಯಭಿಚಾರವೇ ಸರಿ.

ಸಿಂಧನೂರಿನ ಕೊರತೆ ಬೇರೆ ಬಗೆಯದು. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆಯಿಂದ ಅಲ್ಲಿ ಬತ್ತದ ಬೆಳೆ ಹಬ್ಬಿತು. ಗದ್ದೆಯ ಗೊಬ್ಬರ, ಕೀಟನಾಶಕಗಳ ಶೇಷವು ಬಸಿನೀರಿನೊಡನೆ ಹಳ್ಳಗಳಿಗೆ ಇಳಿಯಬಲ್ಲುದು. ಆದರೆ ಸಹಸ್ರಾರು ರೈತರ ಗದ್ದೆಗಳಿಗೆ ಒಬ್ಬ ಅರ್ಜಿದಾರನಿಲ್ಲ. ಅರ್ಜಿದಾರನಿಲ್ಲದೆಡೆ ಈ ಬಗೆಯ ವರದಿಯೂ ಹುಟ್ಟುವುದಿಲ್ಲ. ವರದಿಯ ಅಭಾವವು ದೋಷದ ಅಭಾವವಲ್ಲ.

ಶಾಸ್ತ್ರವಿಷಯಕ್ಕೆ ಕನ್ನಡವು ಸಾಲದೆಂಬ ಸಮಾಧಾನವು ನಿಲ್ಲದು. ನೆಲದೊಳಗಿನ ನೀರನ್ನು ಗುರುತಿಸುವ ವಿಷಯವನ್ನು ಚಾವುಂಡರಾಯನು ಸುಮಾರು 1025ರಲ್ಲಿಯೇ 'ಲೋಕೋಪಕಾರ'ದಲ್ಲಿ ಕನ್ನಡಿಸಿದ್ದಾನೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕಶಾಸನದ ತಾತ್ಪರ್ಯವೂ, ಶ್ರೇಯಸ್ಸು ದೊಡ್ಡವರಿಗಷ್ಟೇ ಅಲ್ಲ, ಚಿಕ್ಕವರಿಗೂ ಸಾಧ್ಯವೆಂಬುದು. ಅದೇ ನೆಲದ ಬಾವಿಯ ವಿಚಾರವಾಗಿ ಬರೆಯುವವರು ಯಾವ ಬಾವಿ, ಯಾವ ತಿಂಗಳು, ಯಾವ ಅಂಕ, ಯಾರ ಹಣ ಎಂಬ ನಾಲ್ಕನ್ನು ತಿಳಿಗನ್ನಡದಲ್ಲಿ ಹೇಳಲಿ. ಅಷ್ಟಿಲ್ಲದ ವರದಿಯು ಗ್ರಂಥವಾದೀತು, ಪ್ರಮಾಣವಾಗದು.