ಗೂಡಿನ ಕಾವಲು

1958ರ ಜೂನ್ ತಿಂಗಳ ಆರಂಭದ ಒಂದು ರಾತ್ರಿ, ಸ್ಕಾಟ್ಲೆಂಡಿನ ಸ್ಪೇ ಕಣಿವೆಯ ಲಾಕ್ ಗಾರ್ಟನ್ ಸರೋವರದ ಬಳಿ, ಪೈನ್ ಮರವೊಂದರ ನೆತ್ತಿಯಲ್ಲಿದ್ದ ಮೀನುಗಿಡುಗದ ಗೂಡಿಗೆ ತತ್ತಿಗಳ್ಳನೊಬ್ಬನು ಕತ್ತಲೆಯ ಮರೆಯಲ್ಲಿ ಹತ್ತಿದನು; ಕಾವಲಿನವರು ಕಂಡು ಬೆನ್ನಟ್ಟುವಷ್ಟರಲ್ಲಿ ಕಾಡಿನೊಳಗೆ ಮಾಯವಾದನು. ಬೆಳಕು ಹರಿದ ಮೇಲೆ ನೋಡಿದರೆ ಮರದ ಬುಡದಲ್ಲಿ ಒಡೆದ ತತ್ತಿಗಳು. ಗೂಡಿನಲ್ಲಿ ಅವುಗಳ ಬದಲಿಗೆ, ಬೂಟಿನ ಪಾಲಿಷ್ ಬಳಿದ ಎರಡು ಕೋಳಿಮೊಟ್ಟೆಗಳು.

ಈ ಕೃತ್ಯದ ಕ್ರೌರ್ಯ ಮನವರಿಕೆಯಾಗಬೇಕಾದರೆ ಹಿಂದಿನ ವೃತ್ತಾಂತವನ್ನು ಸ್ವಲ್ಪ ಅರಿತಿರಬೇಕು. ಮೀನುಗಿಡುಗವು ಬೇಟೆಗಾರರ ಕೋವಿಗೂ ಸಂಗ್ರಾಹಕರ ಲೋಭಕ್ಕೂ ತುತ್ತಾಗಿ, ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಹೊತ್ತಿಗೆ ಬ್ರಿಟನ್ನಿನಲ್ಲಿ ಸಂತಾನೋತ್ಪತ್ತಿಯನ್ನೇ ನಿಲ್ಲಿಸಿತ್ತು. ಹಕ್ಕಿ ವಿರಳವಾದಷ್ಟೂ ಅದರ ತತ್ತಿಗೆ ಬೆಲೆ ಹೆಚ್ಚು. ಸಮೀಪದ ಲಾಕ್ ಆನ್ ಐಲೀನ್ ಸರೋವರದ ನಡುಗಡ್ಡೆಯ ಪಾಳುಕೋಟೆಯಲ್ಲಿದ್ದ ಗೂಡನ್ನು, ಕೊರೆಯುವ ನೀರಿನಲ್ಲಿ ಈಜಿ ಹೋಗಿ ದೋಚಿದವರು ಹತ್ತೊಂಬತ್ತನೆಯ ಶತಮಾನದಲ್ಲೇ ಇದ್ದರು. ಹೀಗೆ ನಷ್ಟವಾಗಿದ್ದ ಪಕ್ಷಿ, ಯಾರ ಆಹ್ವಾನವೂ ಇಲ್ಲದೆ ತಾನಾಗಿ ಮರಳಿ, 1954ರಲ್ಲಿ ಅದೇ ಕಣಿವೆಯಲ್ಲಿ ಮರಿ ಮಾಡಿತು. ಹಕ್ಕಿಗಳ ರಕ್ಷಣೆಯ ಕಾಯಿದೆಯೂ ಅದೇ ವರ್ಷ ಬಂದಿತು. ಆದರೆ ರಾತ್ರಿ ಮರ ಹತ್ತುವವನನ್ನು ಕಾಯಿದೆಯ ಪುಸ್ತಕ ತಡೆಯಬಲ್ಲುದೆ?

ಇಂಥ ಆಘಾತದ ನಂತರ ಯಾರಾದರೂ ಗೂಡಿನ ನೆಲೆಯನ್ನು ಇನ್ನಷ್ಟು ಗುಟ್ಟಾಗಿ ಇಡುತ್ತಿದ್ದರು. ಪಕ್ಷಿಸಂರಕ್ಷಣೆಯ ರಾಯಲ್ ಸೊಸೈಟಿಯ ಸ್ಕಾಟ್ಲೆಂಡ್ ಪ್ರತಿನಿಧಿ ಜಾರ್ಜ್ ವಾಟರ್‌ಸ್ಟನ್ನರು 1959ರಲ್ಲಿ ಇದಕ್ಕೆ ತದ್ವಿರುದ್ಧವಾದುದನ್ನು ಮಾಡಿ, ಗುಟ್ಟನ್ನು ತಾವೇ ರಟ್ಟು ಮಾಡಿದರು. ಮರಕ್ಕೆ ಮುಳ್ಳುತಂತಿ ಸುತ್ತಿ, ಹಗಲಿರುಳು ಸ್ವಯಂಸೇವಕರ ಪಾಳಿಯನ್ನು ನಿಲ್ಲಿಸಿ, ಹಕ್ಕಿಗೆ ಬಾಧೆಯಾಗದಷ್ಟು ದೂರದಲ್ಲಿ ಮರೆಗೂಡೊಂದನ್ನು ಕಟ್ಟಿ, ದೂರದರ್ಶಕವನ್ನಿಟ್ಟು, ಬನ್ನಿ ನೋಡಿ ಎಂದು ಸಾರ್ವಜನಿಕರನ್ನು ಕರೆದರು. ಆ ಒಂದು ಋತುವಿನಲ್ಲಿ ಸುಮಾರು 14,000 ಮಂದಿ ಬಂದು ನೋಡಿದರು. ಮೂರು ಮರಿಗಳು ಹಾರಿದವು. ಒಮ್ಮೆ ಕಣ್ಣಾರೆ ಕಂಡ ಹಕ್ಕಿ ಕಂಡವರ ಸ್ವತ್ತಾಗುತ್ತದೆಂದೂ, ಸಹಸ್ರಾರು ಜನರ ಸ್ವತ್ತನ್ನು ಕದಿಯುವುದು ಒಬ್ಬರ ಗುಟ್ಟನ್ನು ಕದಿಯುವಷ್ಟು ಸುಲಭವಲ್ಲವೆಂದೂ ನಂಬಿ ಇಷ್ಟು ದೊಡ್ಡ ಪಣವನ್ನೊಡ್ಡಿದ ಧೈರ್ಯವನ್ನು, ಪಕ್ಷಿರಕ್ಷಣೆಯ ಇತಿಹಾಸದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಆ ಕಾವಲಿನವರ ವಿದ್ಯೆ. ಎತ್ತರದ ಗೂಡಿನ ಒಳಬಟ್ಟಲು ಕೆಳಗಿನಿಂದ ಕಾಣದು. ಕಾಣದುದನ್ನು ಕಾಣುವ ಚಲನವಲನಗಳಿಂದ ಊಹಿಸಬೇಕು. ಹೆಣ್ಣು ತಗ್ಗಿ ಕುಳಿತು ಬರಿಯ ನೆತ್ತಿ ಮಾತ್ರ ತೋರತೊಡಗಿದರೆ ಮೊದಲ ತತ್ತಿ ಬಿದ್ದಿತೆಂದು ಬರೆದಿಟ್ಟುಕೊಳ್ಳುತ್ತಾರೆ. ಅಲ್ಲಿಂದ ಸುಮಾರು 37 ದಿನಗಳ ಕಾವು. ಗಂಡು ಹಿಡಿದ ಮೀನಿನ ತಲೆಯನ್ನು ಎಲ್ಲೋ ಒಂದು ಕೊಂಬೆಯ ಮೇಲೆ ತಾನು ತಿಂದು, ಉಳಿದ ಭಾಗವನ್ನು ತಂದೊಪ್ಪಿಸುತ್ತದೆ. ಹೆಣ್ಣು ಅದನ್ನೆತ್ತಿಕೊಂಡು ಪಕ್ಕದ ಮರಕ್ಕೆ ಹೋದೊಡನೆ, ಗಂಡು ಉಗುರುಗಳನ್ನು ಮುಷ್ಟಿ ಹಿಡಿದಂತೆ ಮಡಿಸಿಕೊಂಡು, ಮೈಯನ್ನು ಅತ್ತಿತ್ತ ಹೊರಳಿಸುತ್ತ ತತ್ತಿಗಳ ಮೇಲೆ ಕೂರುತ್ತದೆ. ಒಂದು ದಿನ ಹೆಣ್ಣು ಮೀನನ್ನು ಹೊತ್ತು ಹೋಗದೆ ಗೂಡಿನಲ್ಲೇ ನಿಂತು, ಸಣ್ಣ ಚೂರುಗಳನ್ನು ಕಿತ್ತು, ಕೊಕ್ಕನ್ನು ಓರೆಮಾಡಿ ಕೆಳಕ್ಕೆ ನೀಡುತ್ತದೆ. ಮರಿಯ ಸುಳಿವಿಲ್ಲ, ದನಿಯಿಲ್ಲ. ಆದರೂ ಮರೆಗೂಡಿನಲ್ಲಿರುವವರಿಗೆ ಅನುಮಾನ ಉಳಿಯದು. ಮೊದಲ ತತ್ತಿಯಿಂದಲೇ ಕಾವು ಆರಂಭವಾಗುವುದರಿಂದ ಮರಿಗಳು ಒಂದೆರಡು ದಿನಗಳ ಅಂತರದಲ್ಲಿ ಒಡೆದು ಬರುತ್ತವೆ. ಆಹಾರ ಕಡಮೆಯಾದರೆ ಮೊದಲು ಸೊರಗುವುದು ಕಿರಿಯದು. ಆದಕಾರಣ, ಗಂಡು ಎಷ್ಟು ಹೊತ್ತಿಗೆ ಎಷ್ಟು ಮೀನು ತಂದಿತೆಂಬ ದಿನಚರಿಯ ಶುಷ್ಕವಾದ ಲೆಕ್ಕ ವಾಸ್ತವವಾಗಿ ಆ ಕಿರಿಯ ಮರಿಯ ಆಯುಸ್ಸಿನ ಲೆಕ್ಕ.

ರಾತ್ರಿಯ ಪಾಳಿಯಾದರೋ ಇನ್ನೂ ಕಠಿನ. ಆ ಉತ್ತರ ಅಕ್ಷಾಂಶದಲ್ಲಿ ಜೂನ್ ತಿಂಗಳ ಕತ್ತಲೆ ಕೆಲವೇ ತಾಸುಗಳದು. ಕಳ್ಳನಿಗೆ ಅನುಕೂಲವಾದುದೂ ಆ ತಾಸುಗಳೇ. ಮೈಗೆ ಮುತ್ತುವ ಸಣ್ಣ ನುಸಿಗಳ ಕಾಟವನ್ನು ಸಹಿಸಿಕೊಂಡು ಬೆಳಗಿನವರೆಗೆ ಕುಳಿತವನಿಗೆ ದಿನಚರಿಯಲ್ಲಿ ಬರೆಯಲು ವಿಶೇಷವೇನೂ ಇರದಿದ್ದರೆ ಅವನ ಕೆಲಸ ಸಾರ್ಥಕವಾಯಿತೆಂದು ಭಾವಿಸಬೇಕು. ಫಲದ ಮುಖವೇ ಕಾಣದ ಇಂಥ ಶ್ರಮಕ್ಕೆ ರಜೆಯ ದಿನಗಳನ್ನು ಮುಡಿಪಿಟ್ಟು ಬರುವ ಶಿಕ್ಷಕರೂ ವಿದ್ಯಾರ್ಥಿಗಳೂ ನಿವೃತ್ತರೂ ನನ್ನ ಗೌರವಕ್ಕೆ ಪಾತ್ರರು. ಇಂದು ಸ್ಕಾಟ್ಲೆಂಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜೋಡಿಗಳು ಗೂಡು ಕಟ್ಟುತ್ತಿವೆ.

ಏಳೆಂಟು ವಾರಗಳಲ್ಲಿ ಮರಿ ಹಾರುತ್ತದೆ. ಹೆಣ್ಣು ಮುಂದಾಗಿ ದಕ್ಷಿಣಕ್ಕೆ ಹೊರಡುತ್ತದೆ. ಮರಿಗಳು ದಾರಿ ತೋರುವವರಿಲ್ಲದೆ ಸೆನೆಗಲ್, ಗ್ಯಾಂಬಿಯಾಗಳ ತೀರವನ್ನು ಸೇರುತ್ತವೆ. ನಮ್ಮ ಕಬಿನಿ, ಭದ್ರಾ ಹಿನ್ನೀರುಗಳಿಗೆ ಚಳಿಗಾಲದಲ್ಲಿ ಬರುವವು ಸ್ಕಾಟ್ಲೆಂಡಿನವಲ್ಲ, ಉತ್ತರದ ಬೇರೆ ಸೀಮೆಗಳವು; ಜಾತಿ ಮಾತ್ರ ಅದೇ. ನೋಡಬೇಕೆಂಬ ಆಸೆಯುಳ್ಳವರು ಡಿಸೆಂಬರ್, ಜನವರಿಗಳಲ್ಲಿ ಬೆಳಗ್ಗೆ ಹೋಗಿ, ನೀರಿನಲ್ಲಿ ನಿಂತ ಒಣಮರಗಳ ತುದಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಬಿಳಿಯ ತಲೆ, ಕಣ್ಣಿನಿಂದ ಹಿಂದಕ್ಕೆ ಎಳೆದ ಕಂದುಪಟ್ಟಿ, ಹಳದಿ ಕಣ್ಣು ಇವು ಗುರುತು. ಕಾಲು ಮುಂದುಮಾಡಿ ನೀರಿಗೆ ಧುಮುಕಿ ಮೇಲೆದ್ದಾಗ, ಮೀನಿನ ತಲೆ ಗಾಳಿಗೆ ಎದುರಾಗುವಂತೆ ಅದನ್ನು ಉಗುರುಗಳಲ್ಲೇ ತಿರುಗಿಸಿಕೊಳ್ಳುವುದನ್ನು ತಪ್ಪದೆ ಗಮನಿಸಿರಿ.